ಏಳನೆಯ ಚೌಕ ಖಾಲಿ ಇತ್ತು

ಆ ಫಾರಂನಲ್ಲಿ ಹನ್ನೊಂದು ಚೌಕಗಳಿದ್ದವು. ಒಂದನೆಯದರಲ್ಲಿ ಹೆಸರು, ಎರಡನೆಯದರಲ್ಲಿ ರಾಜ್ಯ, ಏಳನೆಯದರಲ್ಲಿ ಜನಾಂಗ, ಹತ್ತನೆಯದರಲ್ಲಿ ಒಂದು ಪ್ರಶ್ನೆಗೆ ಉತ್ತರ. ಪ್ರಶ್ನೆ ಇಷ್ಟೇ: ಸುಪ್ರೀಂ ಕೋರ್ಟಿಗೆ ಅಧ್ಯಕ್ಷರು ಸೂಚಿಸಿರುವ ನ್ಯಾಯಾಧೀಶರ ಪರವಾಗಿ ನಿಮ್ಮ ಸೆನೆಟರ್ ಮತ ಹಾಕಬೇಕೇ, ಬೇಡವೇ? ಉಳಿದ ಚೌಕಗಳನ್ನು ನಾನು ಈಗಾಗಲೇ ಮರೆಯತೊಡಗಿದ್ದೇನೆ. ಏಳನೆಯದು ಮಾತ್ರ ಮರೆಯುವುದಿಲ್ಲ.

ಫಾರಂಗಳು ಅಮೆರಿಕದವು. ಕೆಲವು ರಾಜ್ಯಗಳಲ್ಲಿ ಸ್ವಯಂಸೇವಕರು ಮನೆಮನೆಗೆ ಹೋಗಿ ಕೈಬರಹದಲ್ಲಿ ತುಂಬಿಸಿದಂಥವು. ಅವುಗಳ ಸ್ಕ್ಯಾನ್ ಪ್ರತಿಗಳು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ನಮ್ಮ ಸಣ್ಣ ಆಫೀಸಿಗೆ ಬಂದವು. ಕಾಗದದಲ್ಲಿರುವುದನ್ನು ಕಂಪ್ಯೂಟರಿನ ಕೋಷ್ಟಕಕ್ಕೆ ಏರಿಸುವುದು ನಮ್ಮ ಕೆಲಸ. ಆಸ್ಪತ್ರೆಯ ರಿಜಿಸ್ಟರ್, ಗೋದಾಮಿನ ಪಟ್ಟಿ, ಯಾವುದಾದರೂ ಸರಿ. ಮತದಾರರ ಅಭಿಪ್ರಾಯ ನಮ್ಮ ಕೈಗೆ ಬಂದದ್ದು ಅದೇ ಮೊದಲು.

ಕೆಲಸ ಕೊಟ್ಟವರು ಅಲ್ಲಿನ ವಿಶ್ವವಿದ್ಯಾಲಯವೊಂದರ ಸಂಶೋಧಕಿ. ಮೊದಲ ವಿಡಿಯೋ ಕರೆಯಲ್ಲಿ ಅವರು ನಿಧಾನವಾಗಿ ವಿವರಿಸಿದರು. ಸುಪ್ರೀಂ ಕೋರ್ಟಿಗೆ ಒಬ್ಬರನ್ನು ಸೂಚಿಸುವುದು ಅಧ್ಯಕ್ಷರು, ಒಪ್ಪುವುದು ಅಥವಾ ತಿರಸ್ಕರಿಸುವುದು ಸೆನೆಟ್. ಒಬ್ಬ ಸೆನೆಟರ್ ಇಡೀ ರಾಜ್ಯಕ್ಕೆ ಪ್ರತಿನಿಧಿ. ಆ ರಾಜ್ಯದಲ್ಲಿ ಬಿಳಿಯರಿದ್ದಾರೆ, ಕಪ್ಪು ವರ್ಣೀಯರಿದ್ದಾರೆ, ಲ್ಯಾಟಿನೋಗಳಿದ್ದಾರೆ. ನ್ಯಾಯಾಧೀಶರ ವಿಷಯದಲ್ಲಿ ಅವರೆಲ್ಲರ ಇಷ್ಟ ಒಂದೇ ಆಗಿರುವುದಿಲ್ಲ. ಮತ ಹಾಕುವ ಹೊತ್ತಿಗೆ ಸೆನೆಟರಿನ ಕಿವಿಗೆ ಯಾರ ಇಷ್ಟ ಎಷ್ಟು ತಲುಪಿರುತ್ತದೆ? ಎಲ್ಲರದ್ದೂ ಸಮನಾಗಿಯೇ? "ಉತ್ತರ ನನಗೂ ಗೊತ್ತಿಲ್ಲ. ಅದಕ್ಕೇ ನಿಮ್ಮ ಕೋಷ್ಟಕ ಬೇಕು" ಎಂದರು.

ನಮಗೆ ಕೊಟ್ಟ ಸೂಚನಾಪತ್ರ ಎರಡು ಪುಟದ್ದು. ಏಳನೆಯ ಚೌಕಕ್ಕೆ ಬಿಳಿಯರಾದರೆ ಒಂದು, ಕಪ್ಪು ವರ್ಣೀಯರಾದರೆ ಎರಡು, ಲ್ಯಾಟಿನೋ ಮೂರು, ಏಷ್ಯಾದವರು ನಾಲ್ಕು, ಇತರರು ಐದು. ಖಾಲಿ ಇದ್ದರೆ ಒಂಬತ್ತು. ಅದರ ಕೆಳಗೆ ದಪ್ಪಕ್ಷರದಲ್ಲಿ, ಊಹಿಸಬಾರದು ಎಂದಿತ್ತು. ಫಾರಂನಲ್ಲಿ ಹೆಸರು ಇಟ್ಟದ್ದು ಒಬ್ಬರದೇ ಎರಡು ಫಾರಂ ಬಂದಿದ್ದರೆ ಹಿಡಿಯುವುದಕ್ಕೆ ಮಾತ್ರ.

ಪ್ರತಿ ಫಾರಂ ಅನ್ನು ಇಬ್ಬರು ಬೇರೆ ಬೇರೆಯಾಗಿ ಏರಿಸುತ್ತಾರೆ. ಒಬ್ಬರದ್ದನ್ನು ಇನ್ನೊಬ್ಬರು ನೋಡುವಂತಿಲ್ಲ. ಆಮೇಲೆ ಎರಡೂ ಕೋಷ್ಟಕಗಳನ್ನು ಹೋಲಿಸಿ, ವ್ಯತ್ಯಾಸ ಬಂದ ಕಡೆ ಮೂರನೆಯವರು ಸ್ಕ್ಯಾನ್ ತೆರೆದು ತೀರ್ಮಾನಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಒಂದನೇ ಕೈ, ಎರಡನೇ ಕೈ, ಮೂರನೇ ಕೈ ಎನ್ನುತ್ತೇವೆ. ಮೂರನೇ ಕೈ ನನ್ನದು. ಮಾಡಿದ ಪ್ರತಿ ತೀರ್ಮಾನದ ಮುಂದೆ ನನ್ನ ಇನಿಷಿಯಲ್ ತಾನಾಗಿ ಬೀಳುತ್ತದೆ.

ಒಂದನೇ ಕೈ ನಮ್ಮ ಆಫೀಸಿನ ಹಿರಿಯರು. ಉಡುಪಿ ಕಡೆಯವರು, ಮನೆಮಾತು ತುಳು. ಇಲ್ಲಿಗೆ ಬರುವ ಮೊದಲು ಹದಿನೆಂಟು ವರ್ಷ ಕಟ್ಟಡ ಕಂಪನಿಯೊಂದರ ಲೇಬರ್ ಕ್ಯಾಂಪಿನಲ್ಲಿ ರೂಮು ಹಂಚುವ ಕೆಲಸ ಮಾಡಿದ್ದರು. ಹೊಸಬರ ಬಸ್ಸು ಏರ್‌ಪೋರ್ಟಿನಿಂದ ಹೊರಡುವ ಮೊದಲೇ ಪಾಸ್‌ಪೋರ್ಟಿನ ಪ್ರತಿಗಳು ಅವರ ಮೇಜಿಗೆ ಬರುತ್ತಿದ್ದವು. ಹೆಸರು ನೋಡಿ ಯಾರು ಯಾವ ರೂಮು, ಯಾವ ಮೆಸ್ಸು ಎಂದು ಬರೆದಿಡುತ್ತಿದ್ದರು. ಊಟದ ಜಗಳ, ಮಾತಿನ ಜಗಳ ಬರಬಾರದು ಎಂಬುದು ಉದ್ದೇಶ. ಅವರ ಕ್ಯಾಂಪಿನಲ್ಲಿ ಜಗಳ ಕಡಿಮೆ ಎಂದು ಹೆಸರಿತ್ತಂತೆ. ಎರಡನೇ ಕೈ ಸಲಾಲಾದಲ್ಲಿ, ಮನೆಯಿಂದಲೇ ಕೆಲಸ ಮಾಡುವ ಒಬ್ಬ ಗೃಹಿಣಿ, ಕಾರ್ಕಳದವರು. ಮಸ್ಕತ್ತಿನಿಂದ ಸಲಾಲಾಕ್ಕೆ ಒಂದು ಹಗಲಿನ ದಾರಿ. ಇಬ್ಬರ ನಡುವೆ ಇಷ್ಟು ದೂರ ಇದ್ದರೆ ನಕಲು ಆಗುವ ಭಯವಿಲ್ಲ ಎಂದು ಮ್ಯಾನೇಜರ್ ಹಿಗ್ಗಿದ್ದರು.

ಮೊದಲ ಎರಡು ಕಂತು ಸುಸೂತ್ರವಾಗಿ ಹೋದವು. ವ್ಯತ್ಯಾಸಗಳ ಪಟ್ಟಿ ಎಷ್ಟು ಚಿಕ್ಕದಿತ್ತೆಂದರೆ ನಾನು ಊಟಕ್ಕೆ ಮೊದಲೇ ಮುಗಿಸುತ್ತಿದ್ದೆ. "ನೋಡಿದ್ರಾ ಮೇಡಂ, ಎರಡು ಕೈ, ಒಂದೇ ಉತ್ತರ" ಎಂದು ನನಗೆ ಹೇಳಿದ ಮ್ಯಾನೇಜರ್ ಅದನ್ನು ಸಂಶೋಧಕಿಗೂ ಬರೆದು ತಿಳಿಸಿದರು. ಎರಡು ಕೈ ಒಪ್ಪಿದರೆ ಅದು ಸರಿ. ನಾನು ಕಲಿತದ್ದು ಹಾಗೆ, ಹೊಸಬರಿಗೆ ಕಲಿಸಿದ್ದೂ ಹಾಗೆಯೇ.

ಮೂರನೇ ಕಂತಿನ ಹೊತ್ತಿಗೆ ಸಲಾಲಾದಲ್ಲಿ ಜಿನುಗು ಮಳೆಯ ಕಾಲ. ಎರಡನೇ ಕೈಯವರ ಮನೆಯ ಇಂಟರ್ನೆಟ್ ಕೆಟ್ಟಿತು. ಮೂರು ದಿನ ಅವರು ಪಕ್ಕದ ಫ್ಲ್ಯಾಟಿನಲ್ಲಿ, ಪರೀಕ್ಷೆಗೆ ಓದುವ ಹುಡುಗಿಯ ಕೋಣೆಯ ಮೂಲೆಯಲ್ಲಿ ಕೂತು ಕೆಲಸ ಮಾಡಿದರು. ಆ ಮೂರು ದಿನದ ಫಾರಂಗಳನ್ನು ಗುರುವಾರ ಹೋಲಿಸಿದಾಗ ವ್ಯತ್ಯಾಸದ ಪಟ್ಟಿ ಪರದೆಯ ಕೆಳಗೂ ಇಳಿದು ಇಳಿದು ಹೋಯಿತು. ಹೆಚ್ಚಿನವೆಲ್ಲ ಏಳನೆಯ ಚೌಕದ್ದು. ಅವರದ್ದು ಒಂಬತ್ತು, ಹಿರಿಯರದ್ದು ಒಂದು. ಅವರದ್ದು ಒಂಬತ್ತು, ಹಿರಿಯರದ್ದು ಮೂರು.

ಇಲ್ಲಿ ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯಬೇಕು. ಮಧ್ಯಾಹ್ನ ಮೂರೂವರೆ ಆಗಿತ್ತು. ಅಲ್ ಹೈಲ್ ಕಡೆಗೆ ಹೋಗುವ ನಮ್ಮ ಕಾರು ನಾಲ್ಕಕ್ಕೆ ಹೊರಡುತ್ತದೆ, ಶುಕ್ರವಾರ ಶನಿವಾರ ರಜೆಯಿರುವ ಇಲ್ಲಿ ಅದೇ ವಾರದ ಕೊನೆ. ಪಾಪ, ಪರರ ಮನೆಯಲ್ಲಿ ಕೂತು ಆಕೆ ಅವಸರದಲ್ಲಿ ಒಂಬತ್ತು ಒತ್ತಿದ್ದಾರೆ ಎಂದುಕೊಂಡೆ. ಹಿರಿಯರು ಅನುಭವಸ್ಥರು. ಸಾಲಿನಲ್ಲಿ ಹೆಸರು ಕಾಣುತ್ತಿತ್ತು. ಹೆಸರು ನೋಡಿದೆ, ಹಿರಿಯರ ಅಂಕಿ ನೋಡಿದೆ, ಹೌದು ಅನ್ನಿಸಿತು, ಒತ್ತಿದೆ. ಮುಂದಿನದು, ಒತ್ತಿದೆ. ಮೂವತ್ತೊಂದು ಸಾಲು. ಒಂದು ಸ್ಕ್ಯಾನನ್ನೂ ತೆರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಉಳಿದ ಪಟ್ಟಿ ತೆರೆದೆ. ಮೊದಲ ಸಾಲಿನ ಹೆಸರು ಓದಲು ಬರಲಿಲ್ಲ, ಟೈಪ್ ಮಾಡಿದ ಅಕ್ಷರಗಳು ಕಲಸಿಹೋಗಿದ್ದವು. ಹಾಗಾಗಿ ಸ್ಕ್ಯಾನ್ ತೆರೆದೆ. ಹೆಸರು ಸ್ಪಷ್ಟವಾಯಿತು. ಏಳನೆಯ ಚೌಕ ಖಾಲಿ ಇತ್ತು. ಗುರುತಿಲ್ಲ, ಅಳಿಸಿದ ಕಲೆಯೂ ಇಲ್ಲ. ಹಿರಿಯರು ಅಲ್ಲಿ ಒಂದು ಎಂದು ಬರೆದಿದ್ದರು.

ಎರಡನೆಯದು ತೆರೆದೆ. ಖಾಲಿ. ಆಮೇಲೆ ಗುರುವಾರ ನಾನೇ ತೀರ್ಮಾನಿಸಿದ್ದನ್ನು ತೆರೆದೆ. ಖಾಲಿ. ಮೂವತ್ತೊಂದನ್ನೂ ತೆರೆದೆ. ಎಲ್ಲವೂ ಖಾಲಿ, ಎಲ್ಲದರ ಮುಂದೆಯೂ ನನ್ನ ಇನಿಷಿಯಲ್. ಕುಡಿಯಲು ತಂದಿಟ್ಟ ಚಹಾ ಹಾಗೇ ಉಳಿಯಿತು. ಕೊನೆಗೆ, ತೆರೆಯಲು ಮನಸ್ಸಿಲ್ಲದಿದ್ದರೂ, ಮೊದಲ ಎರಡು ಕಂತುಗಳಲ್ಲಿ ಇಬ್ಬರೂ ಒಪ್ಪಿದ ಫಾರಂಗಳಿಂದ ಹತ್ತನ್ನು ತೆಗೆದೆ. ನಾಲ್ಕರಲ್ಲಿ ಏಳನೆಯ ಚೌಕ ಖಾಲಿ. ಒಂದನೇ ಕೈಯಲ್ಲೂ ಒಂದು, ಎರಡನೇ ಕೈಯಲ್ಲೂ ಒಂದು. ಒಪ್ಪಿದ್ದಾರೆ ಎಂಬ ಕಾರಣಕ್ಕೆ ನಾನು ಯಾವತ್ತೂ ನೋಡದ ಫಾರಂಗಳು ಅವು. ಆ ಎರಡು ಕಂತು ಆಗಲೇ ಅಮೆರಿಕಕ್ಕೆ ತಲುಪಿದ್ದವು.

ಹಿರಿಯರ ಮೇಜಿನ ಹತ್ತಿರ ಹೋದೆ.

"ಅಣ್ಣ, ಈ ಫಾರಂ ನೋಡಿ. ಏಳನೇದು ಖಾಲಿ ಉಂಟಲ್ಲ?"

"ಹೌದು, ಖಾಲಿ."

"ನೀವು ಒಂದು ಹಾಕಿದ್ದೀರಿ."

"ಹೆಸರು ಉಂಟಲ್ಲ ಬಾಯಿ, ಮತ್ತೆಂತ?" ಎಂದರು. ಕ್ರಿಶ್ಚಿಯನ್ ಹೆಂಗಸರನ್ನು ಊರಿನಲ್ಲಿ ಕರೆಯುವ ಹಾಗೆ ಅವರು ನನ್ನನ್ನು ಬಾಯಿ ಎಂದೇ ಕರೆಯುವುದು. "ಊರಲ್ಲಿ ಒಬ್ಬನ ಹೆಸರು ಹೇಳಿ. ಮನೆಮಾತು ಯಾವುದು, ಮೀನು ತಿನ್ತಾನಾ ಇಲ್ವಾ, ಮದುವೆ ಯಾವ ಹಾಲಲ್ಲಿ, ಎಲ್ಲ ಹೇಳ್ತೇನೆ. ಇದು ಅದಕ್ಕಿಂತ ಸುಲಭ ಮಾರಾಯ್ರೇ."

"ಊಹಿಸಬಾರದು ಅಂತ ಬರೆದಿದ್ದಾರಲ್ಲ."

"ಊಹೆ ಅಲ್ಲ. ಲಿಸ್ಟ್ ಉಂಟು."

ಡ್ರಾಯರಿನಿಂದ ಡೈರಿ ತೆಗೆದು ಕೊಟ್ಟರು. ಮನೆತನದ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ, ಸ್ಕೇಲಿನಿಂದ ಗೆರೆ ಎಳೆದು, ಮೂರು ಸಾಲಾಗಿ ಬರೆದಿದ್ದರು. ತುಂಬಿದ ಫಾರಂಗಳಲ್ಲಿ ಯಾವ ಹೆಸರಿಗೆ ಯಾವ ಅಂಕಿ ಬಂದಿದೆ ಎಂದು ನೋಡಿ ನೋಡಿ ಮಾಡಿದ ಪಟ್ಟಿ. ಸೋಮಾರಿ ಮಾಡುವ ಕೆಲಸವಲ್ಲ ಅದು. ಖಾಲಿ ಬಿಟ್ಟು ಒಂಬತ್ತು ಒತ್ತುವುದು ಇದಕ್ಕಿಂತ ಎಷ್ಟೋ ಸುಲಭವಿತ್ತು. ಮೂರನೇ ಸಾಲು, ಲ್ಯಾಟಿನೋಗಳದ್ದು, ಓದುತ್ತಾ ಕೆಳಗೆ ಬಂದೆ. ಅಲ್ಲಿ ನಮ್ಮ ಮನೆತನದ ಹೆಸರಿತ್ತು. ಪೋರ್ಚುಗೀಸರ ಕಾಲದಲ್ಲಿ ನಮ್ಮ ಹಿರಿಯರಿಗೆ ಬಂದ ಹೆಸರು, ನನ್ನ ಪಾಸ್‌ಪೋರ್ಟಿನಲ್ಲಿರುವುದು.

"ಇದು ನನ್ನ ಹೆಸರು."

ಅವರು ಬಗ್ಗಿ ನೋಡಿದರು. "ಅದು ನಿಮ್ಮದಲ್ಲ ಬಾಯಿ. ಅಮೆರಿಕದಲ್ಲಿ ಆ ಹೆಸರಿದ್ದವರದ್ದು."

"ನಾಳೆ ನಾನು ಅಲ್ಲಿಗೆ ಹೋದರೆ?"

ಅವರು ನಕ್ಕರು. "ನೀವು ಹೋಗುವುದಿಲ್ಲ ಬಿಡಿ. ನಿಮಗೆ ಮಸ್ಕತ್ತಿನ ಬಿಸಿಲೇ ಬೇಕು."

ನನಗೆ ನಗು ಬರಲಿಲ್ಲ. ಮತ್ತೆ ಪಟ್ಟಿ ನೋಡಿದೆ. ಎರಡನೇ ಸಾಲು, ಕಪ್ಪು ವರ್ಣೀಯರದ್ದು, ಹೆಚ್ಚುಕಡಿಮೆ ಬರಿದಾಗಿತ್ತು. ನಾಲ್ಕೈದು ಹೆಸರು, ಅಷ್ಟೇ. ಯಾಕೆ ಎಂದು ಕೇಳಿದೆ. "ಅವರ ಹೆಸರು ಬಿಳಿಯರ ಹಾಗೇ ಉಂಟು. ಗೊತ್ತೇ ಆಗುವುದಿಲ್ಲ. ಹಾಗೆ ಇದ್ದದ್ದನ್ನೆಲ್ಲ ಒಂದರಲ್ಲೇ ಹಾಕಿದೆ" ಎಂದರು. ಅವರ ಧ್ವನಿಯಲ್ಲಿ ಮುಚ್ಚಿಡುವುದೇನೂ ಇರಲಿಲ್ಲ. ಆಗ ನನಗೆ ಹೊಳೆದದ್ದಿಷ್ಟು: ಯಾರ ಇಷ್ಟ ಸೆನೆಟರಿಗೆ ತಲುಪಿತೇ ಎಂದು ಆ ಸಂಶೋಧಕಿ ಹುಡುಕುತ್ತಿದ್ದಾರೋ, ಅವರಲ್ಲಿ ಚೌಕ ತುಂಬದವರೆಲ್ಲ ನಮ್ಮ ಈ ಮಹಡಿಯಲ್ಲೇ ಬೇರೆ ಜನರಾಗಿಬಿಟ್ಟಿದ್ದಾರೆ.

ಸಲಾಲಾಕ್ಕೆ ಫೋನ್ ಮಾಡಿದೆ.

"ಹೌದು ಅಕ್ಕ, ದಿನಾ ಮಧ್ಯಾಹ್ನ ಅಣ್ಣನಿಗೆ ಫೋನ್ ಮಾಡ್ತೇನೆ. ಖಾಲಿ ಇದ್ದದ್ದನ್ನೆಲ್ಲ ಒಟ್ಟಿಗೆ ಬರ್ಕೊಂಡು ಕೇಳ್ತೇನೆ, ಅವರು ಹೇಳ್ತಾರೆ. ಆ ಮೂರು ದಿನ ಮಾತ್ರ ಆಗ್ಲಿಲ್ಲ, ಮಗು ಓದ್ತಾ ಇತ್ತು ಅಲ್ಲಿ." ಆಮೇಲೆ ಅವರೇ ಕೇಳಿದರು: "ಯಾಕೆ ಅಕ್ಕ, ಒಂಬತ್ತು ಹಾಕಿದ್ದು ತಪ್ಪಾಯ್ತಾ?"

"ಇಲ್ಲ" ಎಂದೆ. "ಅದೊಂದೇ ಸರಿ ಇದ್ದದ್ದು."

ಮ್ಯಾನೇಜರಿಗೆ ಹೇಳಿದೆ. ಅವರೂ ಕರಾವಳಿಯವರೇ. ಬಾಗಿಲು ಹಾಕಿಕೊಂಡರು.

"ಖಲಾಸ್ ಮೇಡಂ, ಎಲ್ಲ ಒಂಬತ್ತು ಮಾಡಿ ಕಳಿಸಿ. ಮೊದಲ ಎರಡು ಕಂತಿಗೆ ಹೊಸ ಫೈಲು, ಫಾರ್ಮ್ಯಾಟ್ ಸರಿಮಾಡಿದ್ದೇವೆ ಅಂತ ಹೇಳುವ. ಅವರಿಗೆ ಎಲ್ಲ ಎಂತಕ್ಕೆ?"

"ಎಲ್ಲ ಒಂಬತ್ತು ಮಾಡ್ಲಿಕ್ಕೆ ಆಗುವುದಿಲ್ಲ ಸರ್. ಯಾವುದು ಜನ ಹೇಳಿದ್ದು, ಯಾವುದು ನಾವು ಹಾಕಿದ್ದು ಅಂತ ಕೋಷ್ಟಕ ನೋಡಿದ್ರೆ ಗೊತ್ತಾಗುವುದಿಲ್ಲ. ಒಂದೊಂದೇ ಫಾರಂ ತೆರೆಯಬೇಕು. ಅಷ್ಟರಲ್ಲಿ ಅವರು ಮೊದಲಿನದ್ದನ್ನು ಎಣಿಸಿಬಿಡ್ತಾರೆ."

ಅವರು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ನಮ್ಮ ಅಣ್ಣನ ರೆಸಿಡೆಂಟ್ ಕಾರ್ಡು ಬರುವ ತಿಂಗಳು ಮುಗೀತದೆ. ಈ ಕೆಲಸ ಮುಂದುವರಿದ್ರೆ ರಿನ್ಯೂ ಮಾಡುವ ಅಂತ ವೀಸಾ ಕೊಡುವ ಕಫೀಲ್ ಹತ್ರ ಒಪ್ಪಿಸಿದ್ದು ನಾನು. ಕೆಲಸ ಹೋದ್ರೆ ಒಂದನೇ ಕೈ ಎಂತಕ್ಕೆ ಅಂತ ಕೇಳ್ತಾನೆ. ಈ ಪ್ರಾಯದಲ್ಲಿ ಅವರಿಗೆ ಇನ್ನೆಲ್ಲಿ ಸಿಗ್ತದೆ? ಯೋಚನೆ ಮಾಡಿ."

ಯೋಚನೆ ಮಾಡಿದೆ. ಎರಡು ದಿನ ಅದನ್ನೇ ಮಾಡಿದೆ, ಒಂದು ಕಡೆ ಖಾಲಿ ಚೌಕಗಳನ್ನು ಎಣಿಸುತ್ತಾ. ಹಿರಿಯರ ಮಗಳು ಮಸ್ಕತ್ತಿನಲ್ಲೇ ಹನ್ನೆರಡನೇ ಕ್ಲಾಸು. ವರ್ಷದ ನಡುವೆ ಊರಿಗೆ ಕಳಿಸಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಮಂಗಳವಾರ ಅವರೇ ನನ್ನ ಮೇಜಿಗೆ ಬಂದು ನಿಂತರು. ಮ್ಯಾನೇಜರ್ ಹೇಳಿರಬೇಕು.

"ಬರೀತೀರಾ?"

"ಬರೀಬೇಕು ಅಣ್ಣ."

"ಲಿಸ್ಟ್ ಮಾಡಿದ್ದು ಇವನು ಅಂತ?"

ಪರದೆ ತಿರುಗಿಸಿ ನನ್ನ ಮೂವತ್ತೊಂದು ಸಾಲು ತೋರಿಸಿದೆ. ಪ್ರತಿ ಸಾಲಿನ ತುದಿಯಲ್ಲಿ ನನ್ನ ಇನಿಷಿಯಲ್. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೂ ಓದಿದರು.

"ಇದು ನೀವಾ?"

"ನಾನೇ. ಲಿಸ್ಟೂ ಇಲ್ಲದೆ ಹಾಕಿದ್ದು."

ಅವರು ಕನ್ನಡಕ ತೆಗೆದು ಜೇಬಿಗಿಟ್ಟು ತಮ್ಮ ಮೇಜಿಗೆ ಹೋದರು. ಆ ಮಧ್ಯಾಹ್ನ ಸಂಶೋಧಕಿಗೆ ಬರೆದೆ. ಯಾರ ಹೆಸರೂ ಹಾಕಲಿಲ್ಲ; ಒಂದನೇ ಕೈ ಪಟ್ಟಿ ಮಾಡಿ ತುಂಬಿದ್ದು, ಎರಡನೇ ಕೈ ಕೇಳಿ ತುಂಬಿದ್ದು, ಮೂರನೇ ಕೈ ಸ್ಕ್ಯಾನ್ ತೆರೆಯದೆ ಒಪ್ಪಿದ್ದು ಎಂದು ಬರೆದೆ. ಮೂರನೇ ಕೈ ಈ ಪತ್ರ ಬರೆಯುತ್ತಿರುವವಳು ಎಂದು ಸೇರಿಸಿದೆ. ಎರಡು ಕೈಗಳ ಒಪ್ಪಿಗೆಯನ್ನು ನಂಬಬೇಡಿ, ಅವು ಎರಡು ಕೈಗಳಲ್ಲ ಎಂದೂ ಬರೆದೆ. ಡೈರಿಯ ಪುಟಗಳ ಫೋಟೋ ಜೊತೆಗಿಟ್ಟೆ. ಮ್ಯಾನೇಜರ್ ಎರಡು ಸಲ ಓದಿ, ಎದ್ದು ಕಿಟಕಿಯ ಹತ್ತಿರ ನಿಂತು, "ಕಳಿಸಿ" ಎಂದರು.

ಉತ್ತರ ಮರುದಿನ ಸಂಜೆಗೇ ಬಂತು. ಬೈಗುಳ ಇರಲಿಲ್ಲ. ಎಣಿಕೆ ನಿಲ್ಲಿಸಿದ್ದೇನೆ ಎಂದಿದ್ದರು. ಹೆಸರಿನಿಂದ ಜನಾಂಗವನ್ನು ಅಂದಾಜು ಮಾಡುವ ಪದ್ಧತಿ ತಮ್ಮಲ್ಲೂ ಇದೆ; ಆದರೆ ಅದನ್ನು ಅಂದಾಜು ಎಂದು ಬೇರೆಯಾಗಿ ಗುರುತಿಸುತ್ತೇವೆ, ಆ ವ್ಯಕ್ತಿಯೇ ಹೇಳಿದ್ದು ಎಂದು ಬರೆಯುವುದಿಲ್ಲ ಎಂದು ವಿವರಿಸಿದ್ದರು. ಕಪ್ಪು ವರ್ಣೀಯರ ಎಷ್ಟೋ ಕುಟುಂಬಗಳ ಹೆಸರು ಹಿಂದೆ ಅವರ ಪೂರ್ವಜರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಬಿಳಿಯ ಯಜಮಾನರದ್ದು, ಹಾಗಾಗಿ ಒಂದೇ ಬೀದಿಯ ಎರಡೂ ಬದಿಯಲ್ಲಿ ಒಂದೇ ಹೆಸರು ಸಿಗುತ್ತದೆ ಎಂದೂ ಬರೆದಿದ್ದರು. ನಾನು ಆ ವಾಕ್ಯವನ್ನು ಹಿರಿಯರಿಗೆ ಕನ್ನಡದಲ್ಲಿ ಹೇಳಿದೆ. ಕೇಳಿ, ಡೈರಿಯ ಆ ಪುಟಗಳನ್ನು ಮಡಚಿ ಡ್ರಾಯರಿನ ಒಳಗಿಟ್ಟರು.

ಕೆಲಸ ಹೋಗಲಿಲ್ಲ, ಉಳಿಯಿತೆಂದೂ ಹೇಳುವಂತಿರಲಿಲ್ಲ. ಮೂರೂ ಕಂತಿನ ಏಳನೆಯ ಚೌಕವನ್ನು ಮೊದಲಿನಿಂದ ಏರಿಸಬೇಕು. ಈ ಸಲ ಸ್ಕ್ಯಾನಿನಲ್ಲಿ ಹೆಸರಿನ ಚೌಕವನ್ನು ಕಪ್ಪು ಬಣ್ಣದಿಂದ ಮುಚ್ಚಿರಬೇಕು. ಎರಡು ಕೈಗಳ ನಡುವೆ ಫೋನು ಇಲ್ಲ. ಮುಗಿದ ಮೇಲೆ ಅಮೆರಿಕದಲ್ಲಿ ಕೆಲವು ಫಾರಂಗಳನ್ನು ಆರಿಸಿ ಅವರೇ ತಾಳೆ ನೋಡುತ್ತಾರೆ. ಸರಿಯಿದ್ದರೆ ಮುಂದಿನ ಕಂತು, ಇಲ್ಲದಿದ್ದರೆ ಇಲ್ಲಿಗೇ ಮುಗಿಯಿತು. ಹಿರಿಯರ ಕಾರ್ಡಿಗೆ ಇನ್ನು ಇಪ್ಪತ್ತಾರು ದಿನ ಇತ್ತು.

ಹೆಸರು ಮುಚ್ಚುವ ಕೆಲಸವೇ ನಾಲ್ಕು ದಿನ ತಿಂದಿತು. ಕೆಲವು ಕಡೆ ಪೆನ್ನಿನ ಬರಹ ಚೌಕ ದಾಟಿ ಹೊರಬಂದಿತ್ತು, ಅದನ್ನು ಕೈಯಾರೆ ಮುಚ್ಚಬೇಕಾಯಿತು. ಆಮೇಲೆ ಹಿರಿಯರು ಕೂತರು. ಮೊದಲ ದಿನ ಅವರ ವೇಗ ಅರ್ಧಕ್ಕಿಳಿಯಿತು.

"ಕಣ್ಣು ಕಟ್ಟಿ ಬಸ್ಸಿಂದ ಇಳಿಸಿದ ಹಾಗೆ ಆಗ್ತದೆ" ಎಂದರು. "ಯಾರು ಯಾರೋ, ಎಂತದ್ದೂ ಗೊತ್ತಾಗುವುದಿಲ್ಲ."

"ಗೊತ್ತಾಗುವುದು ಬೇಡ ಅಣ್ಣ. ಗುರುತು ಉಂಟಾ ಇಲ್ವಾ, ಅಷ್ಟೇ."

"ಯಲ್ಲಾ, ಒಂಬತ್ತು" ಎಂದು, ಅರಬರು ನಡಿ ನಡಿ ಎನ್ನುವ ಹಾಗೆ ಹೇಳಿ, ಒತ್ತಿದರು. ಮೂರನೆಯ ದಿನದಿಂದ ಮಾತಿಲ್ಲದೆ ಮಾಡಿದರು. ಕಾರ್ಡಿಗೆ ಎಂಟು ದಿನ ಉಳಿದಿರುವಾಗ ಎಲ್ಲ ಕಳಿಸಿದೆವು.

ತಾಳೆ ನೋಡಿದ ಫಲಿತಾಂಶ ಬರುವ ಗುರುವಾರ ಹಿರಿಯರೂ ನಾನೂ ಆಫೀಸಿನಲ್ಲಿ ಕೆಲಸವಿಲ್ಲದೆ ಕೂತಿದ್ದೆವು. ಅಮೆರಿಕದಲ್ಲಿ ಬೆಳಗಾಗಬೇಕಿತ್ತು. ಕೆಳಗೆ ಟಯರ್ ಬಿಚ್ಚುವ ಯಂತ್ರದ ಸದ್ದು. ಹಿರಿಯರು ಇದ್ದಕ್ಕಿದ್ದಂತೆ ಶುರುಮಾಡಿದರು.

"ಒಮ್ಮೆ ತಪ್ಪಿದ್ದು ಉಂಟು ಬಾಯಿ. ಕ್ಯಾಂಪಲ್ಲಿ. ಒಬ್ಬನನ್ನು ಮಲಯಾಳಿಗಳ ರೂಮಿಗೆ ಹಾಕಿದ್ದೆ, ಹೆಸರು ಹಾಗಿತ್ತು. ದೊಡ್ಡ ಕ್ಯಾಂಪು, ಆಮೇಲೆ ಅವನನ್ನು ನಾನು ನೋಡ್ಲಿಲ್ಲ. ಎಂಟು ತಿಂಗಳು ಅಲ್ಲಿದ್ದ. ಊರಿಗೆ ಹೋಗುವ ದಿನ ಬಸ್ಸಿಗೆ ಹತ್ತುವಾಗ ನನಗೆ ತುಳುವಲ್ಲಿ ಹೇಳಿದ, ಬರ್ತೇನೆ ಅಣ್ಣ ಅಂತ. ನಮ್ಮ ಶಿರ್ವ ಕಡೆಯವ! ಅವನಿಗೆ ಮಲಯಾಳದ ಒಂದು ಶಬ್ದ ಬರ್ತಿರ್ಲಿಲ್ಲ."

"ನೀವೆಂತ ಹೇಳಿದ್ರಿ?"

"ಎಂತ ಮಾರಾಯ, ಮೊದಲೇ ಹೇಳ್ಬಾರದಿತ್ತಾ ಅಂದೆ. ಬರೆದಾಗಿತ್ತಲ್ಲ ಅಣ್ಣ, ನೀವು ಕೇಳಿದ್ರೆ ಹೇಳ್ತಿದ್ದೆ ಅಂದ." ಅವರು ಮೇಜಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ಒಬ್ಬನದ್ದು ನನಗೆ ಗೊತ್ತಾಯ್ತು. ಹೇಳದೆ ಹೋದವರು ಎಷ್ಟೋ."

ನಾಲ್ಕಕ್ಕೆ ಐದು ನಿಮಿಷ ಇರುವಾಗ ಪತ್ರ ಬಂತು. ಆರಿಸಿದ ಫಾರಂಗಳೆಲ್ಲ ಸರಿಯಾಗಿವೆ, ಮುಂದಿನ ಕಂತು ಕಳಿಸುತ್ತೇನೆ ಎಂದಿದ್ದರು. ಕೆಳಗೆ ಇನ್ನೊಂದು ಸಾಲು: ಇನ್ನು ಮುಂದೆ ಮೂರನೇ ಕೈ ಬೇರೆಯವರಾಗಲಿ. ಎರಡನೇ ಕೈಯವರು ಒಬ್ಬರೇ ಇದ್ದ ಮೂರು ದಿನ ಸರಿಯಾಗಿ ಮಾಡಿದ್ದಾರೆ, ಅವರಾಗಬಹುದು.

ಮ್ಯಾನೇಜರ್ ಆ ಸಾಲನ್ನು ನನಗೆ ಓದಿ ಹೇಳಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿದರು. ನ್ಯಾಯವೇ ಅನ್ನಿಸಿತು. ಅನ್ನಿಸಿದರೂ ಕಾರಿನಲ್ಲಿ ಅಲ್ ಹೈಲ್‌ವರೆಗೆ ಆ ಸಾಲನ್ನೇ ಮನಸ್ಸಿನಲ್ಲಿ ಓದುತ್ತಾ ಹೋದೆ. ಭಾನುವಾರ ಹಿರಿಯರು ಕಾರ್ಡು ರಿನ್ಯೂ ಮಾಡಿಸಲು ಪಾಸ್‌ಪೋರ್ಟು ತಂದು ಮ್ಯಾನೇಜರಿಗೆ ಕೊಟ್ಟರು. ನಾನು ಹಿರಿಯರಿಂದ ದೂರ, ಮೂಲೆಯ ಮೇಜಿಗೆ ಹೋಗಿ ಎರಡನೇ ಕೈಯಾದೆ.

ಆ ವಾರ ನಾನು ಹೆಸರಿಲ್ಲದ ಫಾರಂಗಳನ್ನು ಏರಿಸಿದೆ. ತುಂಬ ಎಚ್ಚರದಿಂದ, ಎಲ್ಲೂ ತಪ್ಪಬಾರದೆಂದು. ಬುಧವಾರ ಸಲಾಲಾದಿಂದ, ಈಗಿನ ಮೂರನೇ ಕೈಯವರ ಫೋನ್ ಬಂತು.

"ಅಕ್ಕ, ನಿಮ್ಮದೊಂದು ವ್ಯತ್ಯಾಸ ಉಂಟು. ಏಳನೇ ಚೌಕ. ಅಣ್ಣ ಎರಡು ಹಾಕಿದ್ದಾರೆ, ನೀವು ಒಂಬತ್ತು."

"ಖಾಲಿ ಇತ್ತು" ಎಂದೆ. ಅಣ್ಣ ಮತ್ತೆ ಶುರುಮಾಡಿದರೇ ಎಂದು ಒಂದು ಕ್ಷಣ ಅನ್ನಿಸಿತು.

"ದೊಡ್ಡದು ಮಾಡಿ ನೋಡಿ ಅಕ್ಕ. ಪೆನ್ಸಿಲಲ್ಲಿ ಉಂಟು."

ಸ್ಕ್ಯಾನ್ ತೆರೆದು ದೊಡ್ಡದು ಮಾಡಿದೆ. ಚೌಕದೊಳಗೆ ಕಪ್ಪು ವರ್ಣೀಯರು ಎಂಬುದರ ಪಕ್ಕದಲ್ಲಿ ಒಂದು ಸಣ್ಣ ಗೀಟು, ಕೂದಲೆಳೆಯಷ್ಟು ತೆಳ್ಳಗೆ. ಬಾಗಿಲಲ್ಲಿ ನಿಂತ ಯಾರೋ ಕೇಳಿದ್ದರು, ಒಳಗಿನವರು ಹೇಳಿದ್ದರು. ಹತ್ತನೆಯ ಚೌಕದಲ್ಲಿ ಅದೇ ಪೆನ್ಸಿಲು, ನಮ್ಮ ಸೆನೆಟರ್ ಹೌದು ಎಂದು ಮತ ಹಾಕಬೇಕು ಎಂಬ ಕಡೆಗೆ, ಸ್ವಲ್ಪ ಗಟ್ಟಿಯಾಗಿ ಒತ್ತಿತ್ತು.

"ಅಣ್ಣನದ್ದು ಸರಿ, ನನ್ನದು ತಪ್ಪು" ಎಂದೆ. "ಎರಡು ಅಂತ ಹಾಕಿ."